ಪ್ರದರ್ಶನಕ್ಕೆ ಹೊರಟ ಟ್ರಕ್ಕು: ಬಾನೆಟ್ ಕೆಳಗಿನ ಕೊಳೆ ತೆಗೆಯುವುದು ಹೇಗೆ?

ವಾಹನ ಪ್ರದರ್ಶನದಲ್ಲಿ ಜನ ಮೊದಲು ಬಣ್ಣ ನೋಡುತ್ತಾರೆ, ಟೈರು ನೋಡುತ್ತಾರೆ. ಆಮೇಲೆ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ: "ಸ್ವಲ್ಪ ಬಾನೆಟ್ ಎತ್ತಿ, ನೋಡೋಣ." ಗಾಡಿಯನ್ನು ಹೇಗೆ ಇಟ್ಟುಕೊಂಡಿದ್ದಾರೆ ಎಂಬುದು ಗೊತ್ತಾಗುವುದೇ ಅಲ್ಲಿ. ಹಾಗಾಗಿ ಹಿಂದಿನ ದಿನ ಸಂಜೆ ಸರ್ವಿಸ್ ಸ್ಟೇಷನ್‌ಗೆ ಹೋಗಿ, "ಹಂಗೇ ಇಂಜಿನ್‌ಗೂ ನೀರು ಹೊಡೆದುಬಿಡಿ" ಎನ್ನುವವರು ಜಾಸ್ತಿ. ಐದು ನಿಮಿಷದ ಕೆಲಸ. ಬೆಳಿಗ್ಗೆ ಎದ್ದರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ, ಇಲ್ಲವೇ ಮೀಟರಿನಲ್ಲಿ ಇಂಜಿನ್ ತೊಂದರೆ ತೋರಿಸುವ ಹಳದಿ ದೀಪ ಉರಿಯುತ್ತಿರುತ್ತದೆ.

ಇಂಜಿನ್ ಚೊಕ್ಕ ಮಾಡಲು ನೀರು ಬೇಕು, ಆದರೆ ಬಹಳ ಕಮ್ಮಿ. ಮುಕ್ಕಾಲು ಪಾಲು ಕೊಳೆ ಹೋಗುವುದು ಬ್ರಷ್ಷು, ಬಟ್ಟೆಯಿಂದ. ಇಲ್ಲಿ ಹೇಳುವುದು ಬೊಲೆರೊ ಪಿಕಪ್, ಇಸುಜು ವಿ-ಕ್ರಾಸ್, ಹೈಲಕ್ಸ್, ಟಾಟಾ 407ನಂಥ ಡೀಸೆಲ್ ಗಾಡಿಗಳ ವಿಷಯ. ದೊಡ್ಡ ಲಾರಿಗೂ ಹೆಚ್ಚುಕಡಿಮೆ ಇದೇ ದಾರಿ. ಬೇರೆ ಇರುವ ಕಡೆ ಅಲ್ಲಲ್ಲೇ ಹೇಳಿದ್ದೇನೆ.

ಒಂದು ವಾರ ಮುಂಚೆಯೇ ಶುರು ಮಾಡಿ

ಹಿಂದಿನ ದಿನಕ್ಕೆ ಇಟ್ಟುಕೊಳ್ಳಲೇಬೇಡಿ. ವಾರ ಮುಂಚೆ ಮಾಡಿದರೆ ಸಂದುಗೊಂದಿನಲ್ಲಿ ಸೇರಿದ ತೇವ ಆರಲು ಸಮಯ ಸಿಗುತ್ತದೆ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಕೊಳೆ ಹೋದ ಮೇಲೆ ಸೋರಿಕೆ ಕಣ್ಣಿಗೆ ಬೀಳುತ್ತದೆ. ಆಯಿಲ್, ಧೂಳು ಸೇರಿ ಗಟ್ಟಿಯಾಗಿರುವಾಗ, ಸೋರುತ್ತಿರುವುದು ಟ್ಯಾಪೆಟ್ ಕವರಿನ (ಇಂಜಿನ್ ತಲೆಯ ಮುಚ್ಚಳದ) ಪ್ಯಾಕಿಂಗೋ, ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದ ಪೈಪೋ ಎಂದು ಮೆಕ್ಯಾನಿಕ್ ಕೂಡ ಹೇಳಲಾರ. ಚೊಕ್ಕ ಮಾಡಿ ಎರಡು ದಿನ ಓಡಿಸಿ ನೋಡಿ. ಎಲ್ಲಿ ಹೊಸದಾಗಿ ಜಿಡ್ಡು ಕಾಣುತ್ತದೋ ಅಲ್ಲಿಂದಲೇ ಬರುತ್ತಿದೆ. ಪ್ರದರ್ಶನಕ್ಕೆ ಮುಂಚೆ ಪ್ಯಾಕಿಂಗ್ ಬದಲಿಸಲು ನಿಮಗಿನ್ನೂ ಸಮಯ ಇರುತ್ತದೆ.

ಕೈ ಹಾಕುವ ಮುಂಚೆ ನಾಲ್ಕೂ ಕಡೆಯಿಂದ ಫೋನಿನಲ್ಲಿ ಫೋಟೊ ತೆಗೆದಿಡಿ. ಯಾವ ಪೈಪು ಎಲ್ಲಿತ್ತು, ಯಾವ ಕ್ಲಿಪ್ ಮೊದಲೇ ಮುರಿದಿತ್ತು ಎಂಬ ಗೊಂದಲ ಆಮೇಲೆ ಇರುವುದಿಲ್ಲ.

ಇಂಜಿನ್ ಪೂರ್ತಿ ತಣ್ಣಗಾಗಲಿ

ರಾತ್ರಿ ನಿಲ್ಲಿಸಿದ ಗಾಡಿಯನ್ನು ಬೆಳಿಗ್ಗೆ ಮುಟ್ಟುವುದು ಎಲ್ಲಕ್ಕಿಂತ ಒಳ್ಳೆಯದು. ಓಡಿ ಬಂದ ಇಂಜಿನ್‌ನ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಹೊಗೆ ಹೊರಹೋಗುವ ಕೊಳವೆ), ಟರ್ಬೊ ಕೆಂಡದಷ್ಟು ಬಿಸಿ ಇರುತ್ತವೆ. ಆ ಎರಕದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. ಬಿಸಿ ಭಾಗದ ಮೇಲೆ ಹಾಕಿದ ಕ್ಲೀನರ್ ತಕ್ಷಣ ಒಣಗಿ ಕಲೆಯಾಗಿ ಉಳಿದುಬಿಡುತ್ತದೆ.

ಇಂಜಿನ್ ಓಡುತ್ತಿರುವಾಗಲೇ ಡೀಸೆಲ್ ಪಂಪಿನ ಮೇಲೆ ನೀರು ಬಿಡುವ ಅಭ್ಯಾಸ ಕೆಲವು ಕಡೆ ಇದೆ. ದಯವಿಟ್ಟು ಆ ಅಭ್ಯಾಸ ಕೈಬಿಡಿ. ಪಂಪಿನೊಳಗೆ ಡೀಸೆಲ್ ಒತ್ತುವ ಪ್ಲಂಜರಿಗೂ ಅದರ ಸುತ್ತಲಿನ ಬ್ಯಾರಲ್‌ಗೂ ನಡುವೆ ಇರುವ ಜಾಗ ಕೆಲವೇ ಮೈಕ್ರಾನ್. ಮೇಲಿನ ಲೋಹ ಒಮ್ಮೆಲೇ ತಣ್ಣಗಾಗಿ ಕುಗ್ಗಿದರೆ ಪಂಪು ಹಿಡಿದುಕೊಳ್ಳುತ್ತದೆ. ಆ ರಿಪೇರಿಯ ಖರ್ಚು ಗೊತ್ತಿದ್ದವರು ಈ ಸಾಹಸ ಮಾಡುವುದಿಲ್ಲ.

ಗಾಡಿಯನ್ನು ಸಮ ಜಾಗದಲ್ಲಿ, ನೆರಳಿನಲ್ಲಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಅಡ್ಡ ಕಲ್ಲು ಕೊಡಿ, ಕೀ ತೆಗೆದುಬಿಡಿ. ಕ್ಯಾಬಿನ್ ಎತ್ತುವ ಲಾರಿಯಾದರೆ ಒಳಗಿರುವ ಸಾಮಾನೆಲ್ಲ ಹೊರಗೆ ತೆಗೆದು, ಗೇರನ್ನು ನ್ಯೂಟ್ರಲ್‌ಗೆ ತಂದು, ಕ್ಯಾಬಿನ್ ಪೂರ್ತಿ ಎತ್ತಿ, ಲಾಕ್ ಕೂತಿದೆಯಾ ಎಂದು ಕಣ್ಣಾರೆ ನೋಡಿ. ಅರ್ಧ ಎತ್ತಿದ ಕ್ಯಾಬಿನ್ ಕೆಳಗೆ ತಲೆ ಹಾಕಲೇಬಾರದು, ಒಂದು ನಿಮಿಷಕ್ಕೂ.

ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಅಕಸ್ಮಾತ್ ಬಾಡಿಗೆ ತಾಗಿದರೂ ಆಗ ಕಿಡಿ ಹಾರುವುದಿಲ್ಲ. ಜೋಡಿಸುವಾಗ ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ. ದೊಡ್ಡ ಲಾರಿಗಳಲ್ಲಿ ಎರಡು 12 ವೋಲ್ಟ್ ಬ್ಯಾಟರಿ ಸೇರಿ 24 ವೋಲ್ಟ್ ಇರುತ್ತದೆ, ಅಲ್ಲಿ ಎಚ್ಚರ ಇನ್ನೂ ಜಾಸ್ತಿ ಬೇಕು.

ಇಲಿ ಗೂಡು ಇದ್ದರೆ

ತೋಟದ ಮನೆಯಲ್ಲೋ ಗೋಡೌನ್ ಪಕ್ಕದಲ್ಲೋ ನಿಲ್ಲುವ ಗಾಡಿಯಾದರೆ ಬ್ಯಾಟರಿ ಹಿಂದೆ, ಏರ್ ಫಿಲ್ಟರ್ ಡಬ್ಬಿಯೊಳಗೆ, ಬಾನೆಟ್ಟಿನ ಒಳಗಿನ ಮ್ಯಾಟ್ ಮೇಲೆ ನೋಡಿ. ಬಟ್ಟೆ ಚೂರು, ತೆಂಗಿನ ನಾರು, ಹಿಕ್ಕೆ ಕಂಡರೆ ಗಾಳಿ ಹೊಡೆಯಬೇಡಿ. ಇಲಿಯ ಮೂತ್ರದಿಂದ ಇಲಿಜ್ವರ ಬರುತ್ತದೆ. ಕೈಯಲ್ಲಿ ಸಣ್ಣ ಗಾಯ ಇದ್ದರೂ ಸಾಕು. ಗ್ಲೌಸ್, ಮಾಸ್ಕ್ ಹಾಕಿ, ಸೋಪಿನ ನೀರು ಚಿಮುಕಿಸಿ ನೆನೆಸಿ, ಆಮೇಲೆ ಎತ್ತಿ ಕವರಿಗೆ ಕಟ್ಟಿ. ಹಾಗೇ ಅಕ್ಕಪಕ್ಕದ ವೈರುಗಳನ್ನು ಬೆರಳಿನಿಂದ ಸವರಿ ನೋಡಿ. ಕಡಿದ ವೈರಿಗೆ ನೀರು ತಾಗಿದರೆ ತೊಂದರೆ ಅಲ್ಲಿಂದಲೇ ಶುರು. ಮೊದಲು ಅದನ್ನು ಎಲೆಕ್ಟ್ರಿಷಿಯನ್ ಹತ್ತಿರ ಸರಿ ಮಾಡಿಸಿ.

ಪ್ರೆಷರ್ ಪಂಪು ಯಾಕೆ ಬೇಡ?

ಮನೆಯ ನಲ್ಲಿಯ ಪೈಪಿನಲ್ಲಿ ನೀರು ಬರುವುದು ಹೆಚ್ಚೆಂದರೆ ಎರಡು ಮೂರು ಬಾರ್ ಒತ್ತಡದಲ್ಲಿ. ಪ್ರೆಷರ್ ವಾಷರ್‌ನದ್ದು 100 ಬಾರ್ ದಾಟುತ್ತದೆ. "ಈಗಿನ ಸೆನ್ಸರ್‌ಗಳೆಲ್ಲ ವಾಟರ್‌ಪ್ರೂಫ್, ಏನೂ ಆಗಲ್ಲ" ಎನ್ನುವವರಿದ್ದಾರೆ. ಐಪಿ67 (ಧೂಳು, ನೀರು ತಡೆಯುವ ಮಟ್ಟದ ಗುರುತು) ಎಂದು ಬರೆದಿದ್ದರೆ ಅರ್ಥ ಇಷ್ಟೇ: 1 ಮೀಟರ್ ಆಳದ ನಿಂತ ನೀರಿನಲ್ಲಿ 30 ನಿಮಿಷ ತಡೆಯುತ್ತದೆ. ಹತ್ತಿರದಿಂದ ಹೊಡೆಯುವ ಜೆಟ್ಟಿನ ಪರೀಕ್ಷೆಯೇ ಬೇರೆ, ಅದು ಐಪಿ69. ನಿಂತ ನೀರನ್ನು ತಡೆಯುವ ರಬ್ಬರ್ ಸೀಲು ಜೆಟ್ಟಿಗೆ ಮಡಚಿಕೊಂಡು ದಾರಿ ಬಿಡುತ್ತದೆ. ಅದರಲ್ಲೂ ಹತ್ತು ವರ್ಷ ಬಿಸಿಗೆ ಬೆಂದು ಗಟ್ಟಿಯಾದ ಸೀಲು ಆದರೆ ಕೇಳುವುದೇ ಬೇಡ. ಕಪ್ಲರ್ (ವೈರು ಜೋಡಿಸುವ ಪ್ಲಗ್) ಒಳಗೆ ಹೋದ ನೀರು ಅವತ್ತೇ ತೊಂದರೆ ಕೊಡಬೇಕೆಂದೂ ಇಲ್ಲ. ತಿಂಗಳುಗಳ ನಂತರ ಬಿಚ್ಚಿ ನೋಡಿದರೆ ಪಿನ್ನುಗಳ ಸುತ್ತ ಹಸಿರು ಪುಡಿ ಕಟ್ಟಿರುತ್ತದೆ.

ಇನ್ನೊಂದು ದೊಡ್ಡ ಅಪಾಯ ಏರ್ ಫಿಲ್ಟರ್ ಕಡೆಯಿಂದ, ಅಲ್ಲಿ ನುಗ್ಗಿದ ನೀರು ಸಿಲಿಂಡರಿಗೆ ಇಳಿಯಬಹುದು. ಲೆಕ್ಕ ಹಾಕಿ ನೋಡಿ. 2.5 ಲೀಟರಿನ ನಾಲ್ಕು ಸಿಲಿಂಡರ್ ಇಂಜಿನ್ ಅಂದರೆ ಒಂದು ಸಿಲಿಂಡರಿಗೆ ಸುಮಾರು 625 ಸಿಸಿ. ಕಂಪ್ರೆಷನ್ (ಗಾಳಿ ಒತ್ತುವ ಪ್ರಮಾಣ) 17ಕ್ಕೆ 1 ಇದ್ದರೆ, ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 39 ಸಿಸಿ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಅಂದರೆ ಒಂದು ಸಿಲಿಂಡರಿಗೆ 40 ಎಂಎಲ್ ನೀರು ಸೇರಿದರೂ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗಬಹುದು. ಅರ್ಧ ಲೋಟವೂ ಬೇಕಾಗಿಲ್ಲ!

ಆದ್ದರಿಂದ ಮೊದಲು ಮುಚ್ಚುವ ಕೆಲಸ. ಏರ್ ಫಿಲ್ಟರಿಗೆ ಗಾಳಿ ಹೋಗುವ ಬಾಯಿ, ಆಲ್ಟರ್ನೇಟರ್ (ಡೈನಮೋ ಎಂದೇ ಹೆಚ್ಚು ಜನ ಕರೆಯುವುದು), ಫ್ಯೂಸ್ ಬಾಕ್ಸ್, ಇಸಿಯು (ಇಂಜಿನ್ ಕಂಪ್ಯೂಟರ್), ಬ್ಯಾಟರಿ, ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ. ದಪ್ಪ ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಬ್ಯಾಂಡ್ ಇಲ್ಲವೇ ಟೇಪ್ ಹಾಕಿ. ಆಲ್ಟರ್ನೇಟರ್ ಮೈತುಂಬ ತೂತು ಇರುವುದು ಗಾಳಿ ಆಡಲಿ ಎಂದು. ಅದರೊಳಗೆ ಕ್ಲೀನರ್ ಇಳಿದರೆ ಬೇರಿಂಗಿನ ಗ್ರೀಸ್ ತೊಳೆದು ಹೋಗುತ್ತದೆ. ಎಷ್ಟು ಕವರ್ ಹಾಕಿದಿರಿ ಎಂದು ಎಣಿಸಿ ಗೋಡೆಯ ಮೇಲೆ ಬರೆದಿಡಿ. ಫಿಲ್ಟರ್ ಬಾಯಿಯಲ್ಲಿ ಒಂದು ಮರೆತು ಉಳಿದರೆ ಕಷ್ಟ.

ಒಣ ಕೆಲಸ ಮೊದಲು, ನೀರು ಆಮೇಲೆ

ಗಾಜಿನ ಕೆಳಗೆ, ವೈಪರ್ ಹತ್ತಿರದ ಜಾಲರಿಯಲ್ಲಿ ಒಣ ಎಲೆ ತುಂಬಿರುತ್ತದೆ. ಹೊಂಗೆ ಮರದ ಕೆಳಗೆ ನಿಲ್ಲುವ ಗಾಡಿಯಾದರಂತೂ ಹಿಡಿಗಟ್ಟಲೆ ಸಿಗುತ್ತದೆ. ಕೈಯಲ್ಲಿ ತೆಗೆಯಿರಿ, ನೀರು ಇಳಿಯುವ ತೂತು ಬಿಡಿಸಿ. ಸಡಿಲ ಧೂಳನ್ನು ಮೆತ್ತನೆ ಪೇಂಟ್ ಬ್ರಷ್ಷಿನಿಂದ ಉದುರಿಸಿ. ಕಂಪ್ರೆಸರ್ ಇದ್ದರೆ ಕನ್ನಡಕ ಹಾಕಿಕೊಂಡು ಮೆಲ್ಲಗೆ ಗಾಳಿ ಹೊಡೆಯಿರಿ. ರೇಡಿಯೇಟರಿಗೆ ಇಂಜಿನ್ ಕಡೆಯಿಂದ ಹೊರಗಡೆಗೆ ಹೊಡೆಯಬೇಕು. ತೀರಾ ಹತ್ತಿರ ಹಿಡಿದರೆ ಅದರ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಈಗ ಜಿಡ್ಡು. ನಮ್ಮ ಕಡೆ ಗ್ಯಾರೇಜುಗಳಲ್ಲಿ ಡೀಸೆಲ್ ಇಲ್ಲವೇ ಸೀಮೆಎಣ್ಣೆ ಹಾಕಿ ಉಜ್ಜುವುದು ರೂಢಿ. ಜಿಡ್ಡು ಬೇಗ ಬಿಡುತ್ತದೆ, ಹೌದು. ಆದರೆ ರಬ್ಬರ್ ಹೋಸು, ಇಂಜಿನ್ ಮೌಂಟಿಂಗ್, ಬೆಲ್ಟು ಅದನ್ನು ಕುಡಿದು ಉಬ್ಬುತ್ತವೆ, ಮೆತ್ತಗಾಗುತ್ತವೆ. ಮೇಲೆ ಉಳಿದ ಎಣ್ಣೆಯ ಪದರ ಎರಡೇ ದಿನದಲ್ಲಿ ಮತ್ತೆ ಧೂಳು ಹಿಡಿಯುತ್ತದೆ. ಪೆಟ್ರೋಲ್ ಅಂತೂ ಹತ್ತಿರ ತರಲೇಬೇಡಿ. ಎಷ್ಟೇ ಚಳಿಯಿದ್ದರೂ ಅದರ ಆವಿ ಒಂದೇ ಕಿಡಿಗೆ ಹತ್ತಿಕೊಳ್ಳುತ್ತದೆ. ಕಾಸ್ಟಿಕ್ ಸೋಡಾ ಇರುವ ಕ್ಲೀನರೂ ಬೇಡ, ಟಾಯ್ಲೆಟ್ ತೊಳೆಯುವ ಆಸಿಡ್ಡೂ ಬೇಡ. ಎರಡೂ ಅಲ್ಯುಮಿನಿಯಂ ಅನ್ನು ತಿಂದು ಕಪ್ಪು ಮಾಡುತ್ತವೆ. ಆ ಕಲೆ ಮತ್ತೆ ಹೋಗುವುದಿಲ್ಲ.

ನೀರಿನಲ್ಲಿ ಕರಗುವ ಡಿಗ್ರೀಸರ್ (ಜಿಡ್ಡು ಬಿಡಿಸುವ ದ್ರವ) ತನ್ನಿ. ಸಾಧಾರಣ ಕೊಳೆಗೆ 1 ಪಾಲಿಗೆ 10 ಪಾಲು ನೀರು, ದಪ್ಪ ಜಿಡ್ಡಿಗೆ 1ಕ್ಕೆ 4. ಬಾಟಲಿಯ ಮೇಲೆ ಬೇರೆ ಅಳತೆ ಇದ್ದರೆ ಅದನ್ನೇ ಪಾಲಿಸಿ. ಮೊದಲು ಕಾಣದ ಒಂದು ಮೂಲೆಯಲ್ಲಿ ಹಾಕಿ ನೋಡಿ. ಇಡೀ ಇಂಜಿನ್‌ಗೆ ಒಂದೇ ಸಲ ಚಿಮುಕಿಸಬೇಡಿ. ಒಂದು ಮೊಳದಷ್ಟು ಜಾಗ ಹಿಡಿದು ಅದನ್ನು ಮುಗಿಸಿ ಮುಂದೆ ಹೋಗಿ. ಕೆಳಗಿನಿಂದ ಮೇಲಕ್ಕೆ ಹಚ್ಚಿ, ಮೂರು ನಾಲ್ಕು ನಿಮಿಷ ಬಿಡಿ, ಒಣಗಲು ಬಿಡಬೇಡಿ.

ಟ್ಯಾಪೆಟ್ ಕವರಿನ ಅಂಚನ್ನು ನೋಡಿ. ಅಲ್ಲಿ ಬೋಲ್ಟಿನ ತಲೆಗಳ ಸುತ್ತ ಕಪ್ಪು ಜಿಡ್ಡು ತುಂಬಿ, ಬೋಲ್ಟ್ ಇರುವುದೇ ಕಾಣುತ್ತಿರುವುದಿಲ್ಲ. ಹಳೇ ಹಲ್ಲುಜ್ಜುವ ಬ್ರಷ್ಷನ್ನು ದ್ರಾವಣದಲ್ಲಿ ಅದ್ದಿ ಸುತ್ತ ತಿರುಗಿಸಿ. ಮೊದಲು ಕಂದು ನೊರೆ ಬರುತ್ತದೆ. ಅದನ್ನು ಬನಿಯನ್ ವೇಸ್ಟಿನಲ್ಲಿ (ಬನಿಯನ್ ಬಟ್ಟೆಯ ಚೂರು) ಒತ್ತಿ ತೆಗೆದು ಇನ್ನೊಮ್ಮೆ ಉಜ್ಜಿ. ಎರಡನೇ ಸಲಕ್ಕೆ ಬೋಲ್ಟಿನ ಮೂಲೆಗಳು, ಮೂರನೇ ಸಲಕ್ಕೆ ಎರಕದಲ್ಲಿ ಉಬ್ಬಿದ ಅಕ್ಷರಗಳು ಹೊರಬರುತ್ತವೆ. ತೀರ್ಪುಗಾರರ ಕಣ್ಣು ಹೋಗುವುದು ಇಂಥ ಕಡೆಗೇ. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಸುತ್ತಲಿನ ಗುಳಿಗಳಲ್ಲಿ ಮಾತ್ರ ದ್ರಾವಣ ನಿಲ್ಲಿಸಬೇಡಿ, ಅಲ್ಲಿ ಒದ್ದೆ ಬಟ್ಟೆ ಸಾಕು. ಕಪ್ಲರ್‌ಗಳಿಗೂ ಅಷ್ಟೇ. ಚಿಮುಕಿಸುವುದಿದ್ದರೆ ಬಟ್ಟೆಗೆ ಚಿಮುಕಿಸಿ, ಆಮೇಲೆ ಒರೆಸಿ.

ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ, ನೀಲಿ ಪುಡಿ ಬೆಳೆದಿದ್ದರೆ ಅಡುಗೆ ಸೋಡಾ ಕಲಸಿದ ನೀರು ಹಚ್ಚಿ ಉಜ್ಜಿ. ಅದು ಬ್ಯಾಟರಿಯೊಳಗೆ ಇಳಿಯಬಾರದು, ಮುಚ್ಚಳಗಳು ಬಿಗಿಯಾಗಿರಲಿ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಗಾಡಿಗಳಲ್ಲಿ ಹೊಗೆ ಶುದ್ಧ ಮಾಡುವ ಯೂರಿಯಾ ದ್ರವದ ಟ್ಯಾಂಕ್ ಇದ್ದರೆ ಅದರ ಬಾಯಿಯ ಬಿಳಿ ಹರಳು ಬೆಚ್ಚಗಿನ ನೀರಿಗೇ ಕರಗುತ್ತದೆ.

ಹಳೇ ಗಾಡಿಯವರಿಗೆ ಒಂದು ಮಾತು. ಕಂಪನಿ ಅಂಟಿಸಿದ ಸ್ಟಿಕ್ಕರು, ಬೋಲ್ಟ್ ಮೇಲಿನ ಬಣ್ಣದ ಗುರುತು, ಇಂಜಿನ್ ನಂಬರ್ ತಗಡು, ಇವನ್ನು ಉಜ್ಜಿ ಅಳಿಸಬೇಡಿ. 50 ವರ್ಷ ದಾಟಿದ ವಾಹನಗಳಿಗಾಗಿ ಕೇಂದ್ರ ಸರ್ಕಾರ 2021ರಲ್ಲಿ ತಂದ ವಿಂಟೇಜ್ ನೋಂದಣಿ ನಿಯಮವೂ ಮೂಲ ರೂಪ ಉಳಿದಿರಬೇಕು ಎನ್ನುತ್ತದೆ. ಮಾಸಿದ ಅಸಲಿ ಸ್ಟಿಕ್ಕರಿಗೆ ಇರುವ ಬೆಲೆ ಹೊಸದಕ್ಕೆ ಬರುವುದಿಲ್ಲ.

ತೊಳೆಯಲು ಪೂಜಾರಿಯ ತೀರ್ಥದಷ್ಟಲ್ಲದಿದ್ದರೂ ಸ್ವಲ್ಪವೇ ನೀರು ಸಾಕು. ಕೈ ಪಂಪಿನ ಸ್ಪ್ರೇ ಬಾಟಲಿ, ಇಲ್ಲವೇ ಪೈಪಿನ ಬಾಯಿಗೆ ಮಳೆಹನಿ ಬೀಳುವಂಥ ನಾಜಲ್. ಮೇಲಿನಿಂದ ಕೆಳಕ್ಕೆ ತೊಳೆಯಿರಿ, ಮುಚ್ಚಿಟ್ಟ ಕಡೆ ನೀರು ಹಾಕಬೇಡಿ.

ಕೆಳಗೆ ಬೀಳುವ ನೀರಿನ ಬಗ್ಗೆಯೂ ಯೋಚನೆ ಮಾಡಬೇಕು. ಗಾಡಿ ಕೆಳಗೆ ಮೊದಲೇ ಮರದ ಹೊಟ್ಟು, ಹಳೇ ಗೋಣಿಚೀಲ ಹಾಸಿಡಿ, ಎಣ್ಣೆ ಅದಕ್ಕೇ ಹಿಡಿಯಲಿ. ಚರಂಡಿಗೆ ಬಿಟ್ಟರೆ ರಾಜಕಾಲುವೆ ಹಿಡಿದು ಕೆರೆಗೆ ಸೇರುತ್ತದೆ. ಕೂಲೆಂಟ್ ಚೆಲ್ಲಿದ್ದರೆ ತಕ್ಷಣ ಒರೆಸಿ. ಅದರಲ್ಲಿರುವ ಎಥಿಲಿನ್ ಗ್ಲೈಕಾಲ್ ಸಿಹಿ, ಆದರೆ ವಿಷ. ನಾಯಿ, ದನ ನೆಕ್ಕಿದರೆ ಪ್ರಾಣಕ್ಕೇ ಕುತ್ತು.

ಒಣಗಿಸುವುದರಲ್ಲಿ ಅವಸರ ಬೇಡ

ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಬೋಲ್ಟ್ ಗುಳಿ, ಕಪ್ಲರ್ ಸಂದು, ಬೆಲ್ಟ್ ಪುಲ್ಲಿಗಳಿಗೆ ಮೆಲ್ಲಗೆ ಗಾಳಿ ಹೊಡೆಯಿರಿ. ಗಾಳಿಗೆ ಫ್ಯಾನ್ ಗಿರಗಿರ ತಿರುಗಲು ಬಿಡಬೇಡಿ, ಕೈಯಲ್ಲಿ ಹಿಡಿದುಕೊಳ್ಳಿ. ಕವರ್‌ಗಳನ್ನು ಎಣಿಸಿ ತೆಗೆಯಿರಿ. ಬಾನೆಟ್ ತೆರೆದೇ ಎರಡು ಮೂರು ಗಂಟೆ ಬಿಸಿಲು, ಗಾಳಿ ಆಡಲಿ.

ಆಮೇಲೆ ಬ್ಯಾಟರಿ ಜೋಡಿಸಿ, ಸೆಲ್ಫ್ ಹೊಡೆಯಿರಿ. ಹತ್ತು ಹದಿನೈದು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟರೆ ಉಳಿದ ತೇವ ಇಂಜಿನ್ ಬಿಸಿಗೇ ಹೋಗುತ್ತದೆ. ಸ್ವಲ್ಪ ಹಬೆ ಬಂದರೆ ಗಾಬರಿ ಬೇಡ. ಬೆಲ್ಟ್ ಕಿರುಗುಟ್ಟಿದರೆ ಅದಕ್ಕೆ ಇನ್ನೂ ತೇವ ಇದೆ ಎಂದರ್ಥ, ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ. ಸೆಲ್ಫ್ ಹೊಡೆದಾಗ ಇಂಜಿನ್ ಟಕ್ ಎಂದು ಗಟ್ಟಿಯಾಗಿ ನಿಂತುಬಿಟ್ಟರೆ ಮಾತ್ರ ಎರಡನೇ ಸಲ ಹೊಡೆಯಬೇಡಿ, ಸಿಲಿಂಡರಿಗೆ ನೀರು ಸೇರಿರಬಹುದು, ಮೆಕ್ಯಾನಿಕ್‌ಗೆ ಫೋನ್ ಮಾಡಿ. ಹಳದಿ ದೀಪ ಉರಿದರೆ ಮೊದಲು ಕಪ್ಲರ್‌ಗಳನ್ನು ಬಿಚ್ಚಿ, ಒಣಗಿಸಿ, ಮತ್ತೆ ಹಾಕಿ ನೋಡಿ.

ಮೆರುಗಿಗೆ ನೀರಿನ ಬೇಸ್ ಇರುವ ಡ್ರೆಸಿಂಗ್ ತನ್ನಿ, ಬಟ್ಟೆಗೆ ಹಾಕಿ ಪ್ಲಾಸ್ಟಿಕ್ಕಿಗೂ ಹೋಸಿಗೂ ತೆಳುವಾಗಿ ಸವರಿ. ಬೆಲ್ಟಿಗೆ, ಎಕ್ಸಾಸ್ಟಿಗೆ ತಾಗಿಸಬೇಡಿ. ಎಣ್ಣೆ ಸುರಿದಂತೆ ಹೊಳೆಯುವ ಇಂಜಿನ್ ನನಗಂತೂ ಇಷ್ಟವಾಗುವುದಿಲ್ಲ. ಸೋರಿಕೆ ಮುಚ್ಚಿಟ್ಟಿದ್ದಾರೇನೋ ಎಂಬ ಅನುಮಾನ ತೀರ್ಪುಗಾರರಿಗೂ ಬರುತ್ತದೆ. ಮಾಟ್ ಆಗಿ, ಕೈಯಿಟ್ಟರೆ ಅಂಟದಂತೆ ಇದ್ದರೆ ಚೆಂದ.

ಆಯುಧಪೂಜೆಗೆ ತೊಳೆಯುವವರೂ ಇದೇ ಕ್ರಮ ಹಿಡಿಯಬಹುದು. ಆದರೆ ಆರತಿ, ಕರ್ಪೂರ ಹಚ್ಚುವಾಗ ಬಾನೆಟ್ ಮುಚ್ಚಿರಲಿ. ಸೀಮೆಎಣ್ಣೆಯಲ್ಲಿ ಒರೆಸಿದ ಇಂಜಿನ್ ಆದರಂತೂ ಬೆಂಕಿ ದೂರವೇ ಇರಲಿ.

ಪ್ರದರ್ಶನದ ದಿನ ಒಂದು ಒಣ ಬಟ್ಟೆ, ಒಂದು ಮೆತ್ತನೆ ಬ್ರಷ್ ಜೊತೆಗಿದ್ದರೆ ಸಾಕು. ದಾರಿಯ ಧೂಳು ಅಷ್ಟರಲ್ಲೇ ಹೋಗುತ್ತದೆ. ಗಾಡಿ ನಿಲ್ಲಿಸಿದ ಕೂಡಲೇ ಒರೆಸಲು ಹೋಗಬೇಡಿ, ತಣ್ಣಗಾಗಲಿ. ಎಲೆಕ್ಟ್ರಿಕ್ ಫ್ಯಾನ್ ಇರುವ ಗಾಡಿಯಲ್ಲಿ ಇಂಜಿನ್ ನಿಂತ ಮೇಲೂ ಫ್ಯಾನ್ ತಾನಾಗಿ ತಿರುಗಬಹುದು. ನೋಡಲು ಬಂದ ಮಕ್ಕಳು ಬೆರಳು ತೋರಿಸುತ್ತಾ ಅಲ್ಲಿಗೇ ಕೈ ಹಾಕುತ್ತಾರೆ. ಬಾನೆಟ್ ತೆರೆದಿರುವಷ್ಟು ಹೊತ್ತು ಗಾಡಿ ಪಕ್ಕದಲ್ಲೇ ಒಬ್ಬರು ನಿಂತಿರಲಿ.