ಮಾಡೆಲ್ ವಿಮಾನ ಹಾರಿಸುವಾಗ ಪಕ್ಕದಲ್ಲಿ ನಿಲ್ಲುವವರ ಕೆಲಸ ಏನು?

ಮಾಡೆಲ್ ವಿಮಾನ ಹಾರಿಸುವವರು ವಿಮಾನದಿಂದ ಕಣ್ಣು ಕೀಳುವಂತಿಲ್ಲ. ಎರಡು ಸೆಕೆಂಡ್ ಬೇರೆ ಕಡೆ ನೋಡಿದರೂ ಸಾಕು, ಅದು ಹತ್ತಿರ ಬರುತ್ತಿದೆಯೋ ದೂರ ಹೋಗುತ್ತಿದೆಯೋ ಗೊತ್ತಾಗುವುದಿಲ್ಲ. ಹಾಗಾದರೆ ಬದುವಿನ ಮೇಲೆ ಬರುತ್ತಿರುವ ಎಮ್ಮೆಯನ್ನು ನೋಡುವವರು ಯಾರು? ಅದಕ್ಕೇ ಪಕ್ಕದಲ್ಲಿ ನಿಂತು ಸುತ್ತಮುತ್ತ ಕಣ್ಣಿಡುವ ಸ್ಪಾಟರ್ ಬೇಕು. ಭತ್ತದ ಕೊಯ್ಲು ಮುಗಿದ ಮೇಲೆ ಮಂಡ್ಯದ ಸುತ್ತ ಬಯಲಿಗೆ ಬರವಿಲ್ಲ. ಆದರೆ ಆ ಬಯಲಲ್ಲಿ ದನ ಮೇಯುತ್ತಿರುತ್ತವೆ, ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ. ವಿಮಾನದ ಸದ್ದು ಕೇಳಿದರೆ ಅರ್ಧ ಊರೇ ಬಂದು ನಿಲ್ಲುತ್ತದೆ.

ಹೊರಡುವ ಮೊದಲು, ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿ. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ, ಅಂದರೆ ಅನುಮತಿ ಬೇಡದ ಜಾಗದಲ್ಲಿ, 400 ಅಡಿವರೆಗೆ ಹಾರಿಸಬಹುದು. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ದೂರದಲ್ಲಿದ್ದರೆ ಈ ಮಿತಿ 200 ಅಡಿ. ಇನ್ನೂ ಹತ್ತಿರವಾದರೆ ಅನುಮತಿ ಬೇಕೇ ಬೇಕು. ಮಂಡಕಳ್ಳಿ ನಿಲ್ದಾಣ ಇರುವುದರಿಂದ ಮೈಸೂರಿನವರಿಗೆ ಇದು ಸಣ್ಣ ಮಾತಲ್ಲ. ರಂಗನತಿಟ್ಟು, ಕೊಕ್ಕರೆ ಬೆಳ್ಳೂರಿನಂಥ ಹಕ್ಕಿಗಳ ಜಾಗದ ಕಡೆ ತಲೆ ಹಾಕಲೇಬೇಡಿ.

ಸ್ಪಾಟರ್ ಆಗಲು ಹಾರಿಸಲು ಬರಬೇಕೆಂದೇನಿಲ್ಲ. ತಮ್ಮನೋ ಹೆಂಡತಿಯೋ ಗೆಳೆಯನೋ ಆದೀತು. ಆದರೆ ಫೋನ್ ಜೇಬಿನಲ್ಲಿರಬೇಕು. ವಿಡಿಯೊ ಮಾಡುತ್ತಾ ನಿಂತವರನ್ನು ಸ್ಪಾಟರ್ ಅಂತ ಲೆಕ್ಕಕ್ಕೇ ಹಿಡಿಯಬೇಡಿ.

ಕೆಲಸ ನೆಲದ ಮೇಲೇ ಶುರು. ಮೊದಲು ರಿಮೋಟ್ ಆನ್, ಆಮೇಲೆ ವಿಮಾನದ ಬ್ಯಾಟರಿ. ಸ್ಪಾಟರ್ ವಿಮಾನವನ್ನು ಹಿಂದಿನಿಂದ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಪ್ರೊಪೆಲರ್ ಮುಂದೆ ಕೈಯಾಗಲಿ ಮುಖವಾಗಲಿ ಬರಬಾರದು. ಪೈಲಟ್ ರಿಮೋಟ್‌ನ ಸ್ಟಿಕ್ ಬಲಕ್ಕೆ ತಳ್ಳಿದಾಗ ಬಲ ರೆಕ್ಕೆಯ ಏಲೆರಾನ್ (ರೆಕ್ಕೆಯ ಹಿಂಬದಿ ಅಂಚಿನಲ್ಲಿ ಅಲ್ಲಾಡುವ ಪಟ್ಟಿ) ಮೇಲೇಳಬೇಕು. ಎದ್ದರೆ "ಬಲ ಮೇಲೆ" ಅಂತ ಬಾಯಿಬಿಟ್ಟು ಹೇಳಬೇಕು. ಸುಮ್ನೆ ತಲೆಯಾಡಿಸಿದರೆ ಸಾಲದು. ರಿಪೇರಿ ಆದ ಮೇಲೆ ತಂತಿ ಉಲ್ಟಾ ಸಿಕ್ಕಿಸಿದ್ದು ಗೊತ್ತಾಗುವುದು ಇಲ್ಲೇ.

ಹಾರಾಟದಲ್ಲಿ ಪೈಲಟ್‌ಗಿಂತ ಒಂದು ಹೆಜ್ಜೆ ಹಿಂದೆ, ಪಕ್ಕಕ್ಕೆ ನಿಲ್ಲಿ. ವಿಮಾನವನ್ನೇ ನೋಡುತ್ತಾ ಮೈಮರೆಯಬೇಡಿ, ಅದು ಪೈಲಟ್ ಕೆಲಸ. ನಿಮ್ಮ ಕಣ್ಣು ಆಕಾಶ, ರನ್‌ವೇ, ಬೆನ್ನ ಹಿಂದೆ, ಮತ್ತೆ ಆಕಾಶ ಹೀಗೆ ಸುತ್ತುತ್ತಿರಲಿ. ಆಷಾಢದಲ್ಲಾದರೆ ಗಾಳಿಪಟದ ದಾರದ ಮೇಲೂ ನಿಗಾ ಬೇಕು. ದೊಡ್ಡ ವಿಮಾನ, ಹೆಲಿಕಾಪ್ಟರ್ ಸದ್ದು ಕೇಳಿದರೆ ಕಣ್ಣಿಗೆ ಬೀಳಲಿ ಅಂತ ಕಾಯಬೇಡಿ, "ಕೆಳಗೆ ತಾ" ಅನ್ನಿ.

ಏನು ಹೇಳುತ್ತೀರಿ ಅನ್ನುವುದು ಬಹಳ ಮುಖ್ಯ. "ಅಯ್ಯೋ, ಅಲ್ನೋಡು!" ಅಂದರೆ ಪೈಲಟ್ ನಿಜವಾಗಿಯೂ ನೋಡಿಬಿಡುತ್ತಾರೆ, ಅಷ್ಟರಲ್ಲಿ ವಿಮಾನ ಕೈತಪ್ಪಿರುತ್ತದೆ. "ದನ, ರನ್‌ವೇ ಮೇಲೆ", "ಹದ್ದು, ಬಲಗಡೆ", "ರನ್‌ವೇ ಖಾಲಿ", ಇಷ್ಟೇ ಸಾಕು. ಎಡ ಬಲ ಅಂದರೆ ಪೈಲಟ್ ನಿಂತ ಎಡ ಬಲ ಅಂತ ಮೊದಲೇ ಮಾತಾಡಿಕೊಳ್ಳಿ. ಸ್ಟಿಕ್ ಯಾವ ಕಡೆ ತಳ್ಳಬೇಕೆಂದು ಮಾತ್ರ ಹೇಳಿಕೊಡಲು ಹೋಗಬೇಡಿ. ವಿಮಾನ ಎದುರಿಗೆ ಬರುವಾಗ ಎಡ ಬಲ ಅದಲು ಬದಲಾಗಿ ಕಾಣುತ್ತದೆ, ಇಬ್ಬರಿಗೂ ಗೊಂದಲ.

ಕನ್ನಡಕದಂಥ ಗಾಗಲ್ಸ್ ಹಾಕಿಕೊಂಡು ಕ್ಯಾಮೆರಾದಲ್ಲಿ ನೋಡಿ ಹಾರಿಸುವವರಿಗೆ ಸುತ್ತಮುತ್ತ ಏನೂ ಕಾಣುವುದಿಲ್ಲ. ಆಗ ಮಾತ್ರ ಲೆಕ್ಕ ತಿರುಗುಮುರುಗು. ಸ್ಪಾಟರ್ ವಿಮಾನವನ್ನು ಕಣ್ಣಳತೆಯಲ್ಲೇ ಇಟ್ಟುಕೊಂಡಿರಬೇಕು. ಜನ ಜಾಸ್ತಿ ಇದ್ದರೆ ಅವರನ್ನು ನೋಡಿಕೊಳ್ಳಲು ಇನ್ನೊಬ್ಬರು ಬೇಕು.

ಇನ್ನು ಮಂಡ್ಯದವರ ಖಾಸಾ ತಾಪತ್ರಯ, ಕಬ್ಬಿನ ಗದ್ದೆ. ಆಳೆತ್ತರ ಮೀರಿದ ಕಬ್ಬಿನೊಳಗೆ ವಿಮಾನ ಬಿದ್ದರೆ ಹತ್ತಡಿ ದೂರದಿಂದಲೂ ಕಾಣುವುದಿಲ್ಲ. ಬೀಳುತ್ತಿದೆ ಅನ್ನಿಸಿದ ಕೂಡಲೇ ಸ್ಪಾಟರ್ ಬಿದ್ದ ಕಡೆಗೆ ಕೈ ಚಾಚಿ, ನಿಂತ ಜಾಗ ಬಿಡದೆ ನಿಲ್ಲಬೇಕು. ಆ ನೇರಕ್ಕೆ ಹಿಂದೆ ಇರುವ ತೆಂಗಿನ ಮರವನ್ನೋ ಕರೆಂಟ್ ಕಂಬವನ್ನೋ ಗುರುತು ಹಿಡಿಯಬೇಕು. ಪೈಲಟ್ ಥ್ರಾಟಲ್ ಪೂರ್ತಿ ಇಳಿಸಿ, ರೈತರಿಗೆ ಒಂದು ಮಾತು ಹೇಳಿ, ಸಾಲು ಹಿಡಿದು ಹೋಗಲಿ. "ಇನ್ನೂ ಎಡಕ್ಕೆ, ಮುಂದೆ" ಅಂತ ಸ್ಪಾಟರ್ ಫೋನಿನಲ್ಲಿ ದಾರಿ ಹೇಳಲಿ. ಈಗ ಫೋನ್ ತೆಗೆಯಬಹುದು. ಇಬ್ಬರೂ ಓಡಿಹೋದಿರೋ, ಸಂಜೆವರೆಗೂ ಹುಡುಕುತ್ತಿರಬೇಕು. ಪೆಟ್ಟು ತಿಂದ ಲಿಥಿಯಂ ಬ್ಯಾಟರಿ ಸ್ವಲ್ಪ ಹೊತ್ತು ಬಿಟ್ಟೂ ಹೊತ್ತಿಕೊಳ್ಳಬಹುದು, ಸುತ್ತ ಇರುವುದು ಒಣ ತರಗು. ವಿಮಾನ ಸಿಕ್ಕಿದರೆ ಮೊದಲು ಅದನ್ನು ಬಯಲಿಗೆ ತನ್ನಿ. ಬ್ಯಾಟರಿ ಬಿಚ್ಚಿ ಬರಿ ಮಣ್ಣಿನ ಮೇಲಿಡಿ. ಊದಿಕೊಂಡಿದ್ದರೆ ಅಥವಾ ಬಿಸಿಯಿದ್ದರೆ ಆ ಬ್ಯಾಟರಿಯನ್ನು ಕಾರಿನೊಳಗೆ ಇಡಬೇಡಿ, ಮತ್ತೆ ಚಾರ್ಜ್‌ಗೂ ಹಾಕಬೇಡಿ.