ಸ್ಟಾಕ್‌ಹೋಮ್‌ನಲ್ಲಿ ಎರಡು ದಿನ: ನೋಟು ಬೇಡ, ಕಾರ್ಡ್ ತಲೆಗೊಂದು

ನನ್ನ ಹತ್ತಿರ 500 ಕ್ರೋನಾದ ಒಂದು ನೋಟಿದೆ. ಕೈಯಲ್ಲಿ ಒಂದಿಷ್ಟು ದುಡ್ಡಿರಲಿ ಅಂತ ಹೊರಡುವ ಮುಂಚೆ ಬದಲಾಯಿಸಿಕೊಂಡಿದ್ದು. ಎರಡು ದಿನ ಊರೆಲ್ಲ ಸುತ್ತಿಸಿ ಹಾಗೇ ವಾಪಸ್ ತಂದೆ. ಕಾಫಿ ಅಂಗಡಿ, ಮ್ಯೂಸಿಯಂ, ಎಲ್ಲ ಕಡೆ ಕಾರ್ಡೇ. ಬಸ್ಸಿನಲ್ಲಂತೂ ನಗದು ಮುಟ್ಟುವುದೇ ಇಲ್ಲ. ಅಲ್ಲಿಯವರು ಬಳಸುವ ಸ್ವಿಶ್ ನಮ್ಮ ಯುಪಿಐ ಇದ್ದ ಹಾಗೆ. ಆದರೆ ಸ್ವೀಡನ್ನಿನ ಬ್ಯಾಂಕ್ ಖಾತೆ ಬೇಕು, ಆಸೆ ಬಿಡಿ.

ಜರ್ಮನಿ, ನೆದರ್‌ಲ್ಯಾಂಡ್ಸ್‌ನಲ್ಲಿರುವ ನಮ್ಮವರಿಗೆ ಬೇರೆ ವೀಸಾ ಬೇಡ. ಪಾಸ್‌ಪೋರ್ಟ್ ಮತ್ತು ರೆಸಿಡೆನ್ಸ್ ಕಾರ್ಡ್ ಎರಡೂ ಜೊತೆಗಿರಲಿ. ವಿಮಾನದ ಟಿಕೆಟ್ ಅಗ್ಗ ಅನ್ನಿಸಿದರೆ ನಿಲ್ದಾಣದ ಹೆಸರು ನೋಡಿ. ಸ್ಕಾವ್‌ಸ್ಟಾ ಅಂತಿದ್ದರೆ ಅದು ಊರಿಂದ ಸುಮಾರು 100 ಕಿ.ಮೀ. ದೂರ. ಊರಿನ ಮುಖ್ಯ ವಿಮಾನ ನಿಲ್ದಾಣ ಆರ್ಲಾಂಡಾದಿಂದ ಎಕ್ಸ್‌ಪ್ರೆಸ್ ರೈಲು ಬೇಗ, ಆದರೆ ದುಬಾರಿ. ಲೋಕಲ್ ರೈಲಿಗೂ ಅಲ್ಲಿ ಹೆಚ್ಚುವರಿ ಶುಲ್ಕವಿದೆ. ಉಳಿಸಬೇಕೆಂದರೆ 583ನೇ ನಂಬರ್ ಬಸ್ಸಿನಲ್ಲಿ ಮಾರ್‌ಸ್ಟಾಕ್ಕೆ ಹೋಗಿ, ಅಲ್ಲಿ ರೈಲು ಹತ್ತಿ. ಊರಿನ ಮಾಮೂಲಿ ಟಿಕೆಟ್ ಸಾಕು.

ಆ ಟಿಕೆಟ್ ಎಸ್‌ಎಲ್ ಎಂಬ ಸಂಸ್ಥೆಯದು. ಒಮ್ಮೆ ತೆಗೆದುಕೊಂಡರೆ 75 ನಿಮಿಷ ಮೆಟ್ರೋ, ಬಸ್ಸು, ಟ್ರ್ಯಾಮ್ ಏನು ಬೇಕಾದರೂ ಹತ್ತಬಹುದು. ಬ್ಯಾಂಕ್ ಕಾರ್ಡನ್ನೇ ಗೇಟಿಗೆ ತೋರಿಸಿದರೂ ಆಯಿತು. ಇಲ್ಲೇ ನಾವು ಸಿಕ್ಕಿಬಿದ್ದದ್ದು. ನಾನು ಕಾರ್ಡ್ ತೋರಿಸಿ ಒಳಗೆ ಹೋದೆ, ಅದೇ ಕಾರ್ಡನ್ನು ಹೆಂಡತಿಗೆ ದಾಟಿಸಿದೆ. ಗೇಟು ತೆರೆಯಲಿಲ್ಲ. ಒಂದು ಕಾರ್ಡಿಗೆ ಒಬ್ಬರೇ. ಗಾಜಿನ ಆ ಕಡೆ ಅವಳು, ಈ ಕಡೆ ನಾನು, ಹಿಂದೆ ಕ್ಯೂ. ಯಾರೂ ಬೈಯಲಿಲ್ಲ. ಸುಮ್ನೆ ನಿಂತು ನೋಡಿದರು, ಅದೇ ಜಾಸ್ತಿ ಮುಜುಗರ. ಶುಕ್ರವಾರ ಸಂಜೆ ಇಳಿಯುವವರು ತಲೆಗೊಂದು 72 ಗಂಟೆಯ ಟಿಕೆಟ್ ತೆಗೆದುಕೊಂಡರೆ ಈ ಗೋಳಿಲ್ಲ.

ಸ್ಲುಸ್ಸೆನ್‌ನಿಂದ ಯೂರ್‌ಗೋರ್ಡನ್ ದ್ವೀಪಕ್ಕೆ ಹೋಗುವ 82ನೇ ನಂಬರ್ ದೋಣಿಗೂ ಅದೇ ಟಿಕೆಟ್. ಪ್ರವಾಸಿ ಬೋಟಿಗೆ ದುಡ್ಡು ಕೊಡುವ ಮುಂಚೆ ಇದನ್ನು ಹತ್ತಿ. ಇಳಿದು ಸ್ವಲ್ಪ ನಡೆದರೆ ವಾಸಾ ಮ್ಯೂಸಿಯಂ. 1628ರಲ್ಲಿ ಮೊದಲ ಯಾನದಲ್ಲೇ, ಬಂದರು ದಾಟುವ ಮುಂಚೆ ಮುಳುಗಿದ ಯುದ್ಧನೌಕೆ. ಮೇಲೆ ಭಾರ ಜಾಸ್ತಿ, ಕೆಳಗೆ ತೂಕ ಕಮ್ಮಿ. ಇಲ್ಲಿನ ಸಮುದ್ರದಲ್ಲಿ ಉಪ್ಪು ಕಡಿಮೆ, ಮರ ಕೊರೆಯುವ ಹುಳ ಬದುಕುವುದಿಲ್ಲ. ಅದಕ್ಕೇ 1961ರಲ್ಲಿ ಮೇಲೆತ್ತಿದಾಗಲೂ ಹಡಗು ಹಡಗಾಗಿಯೇ ಇತ್ತು. ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ. ಹಳೇ ಊರು ಗಾಮ್ಲಾ ಸ್ಟಾನ್ ಚೆಂದವೇ, ಬೆಳಿಗ್ಗೆ ಬೇಗ ಹೋದರೆ.

ಊಟದ ಲೆಕ್ಕ ಹೇಳಿಬಿಡುತ್ತೇನೆ. ಸಲಾಡ್, ಬ್ರೆಡ್, ಕಾಫಿ ಸೇರಿ ಅಗ್ಗಕ್ಕೆ ಸಿಗುವ ಮಧ್ಯಾಹ್ನದ ಊಟ ಸಾಮಾನ್ಯವಾಗಿ ವಾರದ ದಿನಗಳಿಗೆ ಮಾತ್ರ. ಶನಿವಾರ, ಭಾನುವಾರ ಸಸ್ಯಾಹಾರಿಗಳಿಗೆ ಫಲಾಫೆಲ್ಲೇ ಗತಿ. ನೀರಿನ ಬಾಟಲಿ ಕೊಳ್ಳಬೇಡಿ, ನಲ್ಲಿ ನೀರು ಚೆನ್ನಾಗಿದೆ. ವೈನ್ ಬೇಕಿದ್ದವರು ಶನಿವಾರ ಮಧ್ಯಾಹ್ನದೊಳಗೆ ಸರ್ಕಾರಿ ಅಂಗಡಿಗೆ ಹೋಗಿ, ಭಾನುವಾರ ಬಾಗಿಲು ಹಾಕಿರುತ್ತದೆ.

ಕೊನೆಯ ಬೆಳಿಗ್ಗೆ ಹೋಟೋರಿಯೆಟ್ ಚೌಕಕ್ಕೆ ಹೋಗಿ. ಅಲ್ಲಿನ ನೀಲಿ ಕಟ್ಟಡ ಸಂಗೀತ ಸಭಾಂಗಣ. 1930ರ ಡಿಸೆಂಬರ್‌ನಲ್ಲಿ ಸಿ.ವಿ. ರಾಮನ್ ನೊಬೆಲ್ ಪಡೆದದ್ದು ಇಲ್ಲೇ. ಮೂರು ವರ್ಷಕ್ಕೆ ಅವರು ಬೆಂಗಳೂರಿಗೆ ಬಂದರು, ಅಲ್ವಾ? ಅದರ ಮೆಟ್ಟಿಲ ಮುಂದೆ ಸೋಮವಾರದಿಂದ ಶನಿವಾರದವರೆಗೆ ಹೂವು, ಹಣ್ಣು, ತರಕಾರಿ. ಭಾನುವಾರ ಹಳೇ ಸಾಮಾನಿನ ಸಂತೆ. ನನ್ನ ನೋಟು ಅಲ್ಲಾದರೂ ನಡೆಯುತ್ತಿತ್ತೋ ಏನೋ, ನನಗೆ ಅದು ಹೊಳೆಯುವಷ್ಟರಲ್ಲಿ ಮಾರ್‌ಸ್ಟಾದ ರೈಲು ಹೊರಟಿತ್ತು.