ಮನೆಯ ಲೆಕ್ಕ ಒಂದೇ, ಕ್ರೆಡಿಟ್ ಸ್ಕೋರ್ ಬೇರೆ ಏಕೆ?

ಒಂದೇ ಜಂಟಿ ಖಾತೆ, ಒಂದೇ ಬಜೆಟ್, ಸಾಲದ ಕಂತನ್ನೂ ಇಬ್ಬರೂ ಸೇರಿಯೇ ಕಟ್ಟುತ್ತಾರೆ. ಆದರೂ ಗಂಡನ ಕ್ರೆಡಿಟ್ ಸ್ಕೋರ್, ಅಂದರೆ ಸಾಲ ತೀರಿಸುವ ವಿಷಯದಲ್ಲಿ ಒಬ್ಬರನ್ನು ಎಷ್ಟು ನಂಬಬಹುದು ಎಂದು ಹೇಳುವ ಅಂಕ, 780; ಹೆಂಡತಿಯದು 690. ಲೆಕ್ಕ ತಪ್ಪಿದೆ ಎಂದು ಗಾಬರಿಯಾಗಬೇಕಿಲ್ಲ. ಜನರ ಸಾಲದ ದಾಖಲೆ ಇಟ್ಟು ಸ್ಕೋರ್ ಕೊಡುವ ಸಂಸ್ಥೆಗಳಾದ ಕ್ರೆಡಿಟ್ ಬ್ಯೂರೋಗಳು ಕಡತ ತೆರೆಯುವುದು ವ್ಯಕ್ತಿಯ ಹೆಸರಿನಲ್ಲಿ. ಮದುವೆಯಾದ ಮಾತ್ರಕ್ಕೆ ಎರಡು ಕಡತಗಳು ಒಂದಾಗುವುದಿಲ್ಲ. ಹಣ ಯಾರ ಸಂಬಳದಿಂದ ಹೋಯಿತು ಎಂಬುದನ್ನು ಅಲ್ಲಿ ಯಾರೂ ನೋಡುವುದಿಲ್ಲ. ಸಾಲದ ಕರಾರಿನಲ್ಲಿ ಯಾರ ಹೆಸರಿದೆ ಎಂಬುದೇ ಮುಖ್ಯ.

ವ್ಯತ್ಯಾಸ ಎಲ್ಲಿಂದ ಬಂತು ಎಂಬುದನ್ನು ಮನೆಯಲ್ಲೇ ಕುಳಿತು ಪತ್ತೆ ಹಚ್ಚಬಹುದು.

ಹಂತ 1: ಇಬ್ಬರ ಕ್ರೆಡಿಟ್ ವರದಿಯನ್ನೂ ಒಂದೇ ದಿನ, ಒಂದೇ ಬ್ಯೂರೋದಿಂದ ತರಿಸಿಕೊಳ್ಳಿ. ಬ್ಯೂರೋ ಬದಲಾದರೆ ಒಬ್ಬರದೇ ಸ್ಕೋರ್ ಕೂಡ ಬದಲಾಗಬಹುದು, ಹೋಲಿಕೆಗೆ ಅರ್ಥವಿರುವುದಿಲ್ಲ.

ಹಂತ 2: ಪ್ರತಿ ಸಾಲದ ಮುಂದೆಯೂ ಅದು ಒಬ್ಬರದೋ, ಜಂಟಿಯೋ, ಜಾಮೀನೋ ಎಂದು ಗುರುತು ಹಾಕಿ. ಜಂಟಿ ಸಾಲದ ಕಂತು ತಪ್ಪಿದರೆ ಇಬ್ಬರ ವರದಿಗೂ ಪೆಟ್ಟು ಬೀಳುತ್ತದೆ. ಮದುವೆಗೆ ಮೊದಲು ಒಬ್ಬರು ಮಾಡಿದ ಸಾಲ, ತಪ್ಪಿಸಿದ ಕಂತು ಅವರ ಕಡತದಲ್ಲೇ ಉಳಿಯುತ್ತದೆ.

ಹಂತ 3: ಕ್ರೆಡಿಟ್ ಕಾರ್ಡ್‌ಗಳ ಬಳಕೆಯ ಪ್ರಮಾಣವನ್ನು, ಅಂದರೆ ಕಾರ್ಡಿನ ಮಿತಿಯಲ್ಲಿ ಎಷ್ಟು ಪಾಲು ಬಳಸಿದ್ದೀರಿ ಎಂಬುದನ್ನು, ಇಬ್ಬರಿಗೂ ಬೇರೆ ಬೇರೆಯಾಗಿ ಲೆಕ್ಕ ಹಾಕಿ. ಅನೇಕ ದಂಪತಿಗಳಿಗೆ ಉತ್ತರ ಇಲ್ಲಿಯೇ ಸಿಗಬಹುದು. ಹೆಂಡತಿಯ ಕಾರ್ಡಿನ ಮಿತಿ 50,000, ಗಂಡನದು 2,00,000 ಎಂದುಕೊಳ್ಳಿ. ದಿನಸಿ, ಮಕ್ಕಳ ಶುಲ್ಕ, ಔಷಧಿ ಎಲ್ಲವೂ ಆಕೆಯ ಕಾರ್ಡಿನಿಂದಲೇ ಹೋಗಿ ತಿಂಗಳ ಬಿಲ್ 40,000 ಆಗುತ್ತದೆ, ಗಂಡನದು 20,000. ಮನೆಯ ಒಟ್ಟು ಬಳಕೆ ಮಿತಿಯ 24% ಮಾತ್ರ. ಆದರೆ ಆಕೆಯ ಬಳಕೆ 80%, ಗಂಡನದು 10%. ಬಳಕೆಯ ಪ್ರಮಾಣ ಹೆಚ್ಚಿದ್ದರೆ ಸ್ಕೋರ್ ಇಳಿಯುತ್ತದೆ. ಬಿಲ್ ಪ್ರತಿ ತಿಂಗಳೂ ಪೂರ್ತಿ ಕಟ್ಟುತ್ತಿದ್ದರೂ, ಸಾಮಾನ್ಯವಾಗಿ ಬ್ಯೂರೋಗೆ ಹೋಗುವುದು ಬಿಲ್ ತಯಾರಾದ ದಿನ ಇರುವ ಬಾಕಿ. ಸಂಸಾರ ತೂಗಿಸುವವರ ಸ್ಕೋರೇ ಕುಸಿಯುವುದು ನಿಜಕ್ಕೂ ಅನ್ಯಾಯ. ಖರ್ಚನ್ನು ಹೆಚ್ಚು ಮಿತಿಯಿರುವ ಕಾರ್ಡಿಗೆ ಬದಲಿಸಿ, ಇಲ್ಲವೇ ಬಿಲ್ ತಯಾರಾಗುವ ಮೊದಲೇ ಒಂದಷ್ಟು ಹಣ ಕಟ್ಟಿ.

ಹಂತ 4: ಖಾತೆಗಳ ವಯಸ್ಸು ಮತ್ತು ಹೊಸ ಅರ್ಜಿಗಳನ್ನು ನೋಡಿ. ಅಮೆರಿಕದಲ್ಲಿ 1989ರಿಂದ ಬಳಕೆಯಲ್ಲಿರುವ ಫೈಕೋ ಸ್ಕೋರ್‌ನಲ್ಲಿ ಮರುಪಾವತಿಗೆ 35%, ಬಾಕಿಯ ಪ್ರಮಾಣಕ್ಕೆ 30%, ಸಾಲದ ಇತಿಹಾಸ ಎಷ್ಟು ಹಳೆಯದು ಎಂಬುದಕ್ಕೆ 15%, ಹೊಸ ಸಾಲಕ್ಕೆ ಮತ್ತು ಸಾಲದ ವೈವಿಧ್ಯಕ್ಕೆ ತಲಾ 10% ಪಾಲಿದೆ. ಸಂಬಳಕ್ಕಾಗಲಿ, ಉಳಿತಾಯಕ್ಕಾಗಲಿ ಇದರಲ್ಲಿ ಜಾಗವೇ ಇಲ್ಲ. ಬೇರೆ ಸ್ಕೋರ್‌ಗಳ ಸೂತ್ರ ತುಸು ಬೇರೆಯಿರಬಹುದು, ಆದರೆ ಅವು ನೋಡುವ ಸಂಗತಿಗಳು ಹೆಚ್ಚುಕಡಿಮೆ ಇವೇ.

ಹಂತ 5: ತಪ್ಪುಗಳನ್ನು ಹುಡುಕಿ. ಮದುವೆಯ ನಂತರ ಹೆಸರು ಬದಲಿಸಿಕೊಂಡವರ ಹಳೆಯ ಖಾತೆಗಳು ವರದಿಯಲ್ಲಿ ಕಾಣದೇ ಹೋಗಬಹುದು; ತೀರಿಸಿದ ಸಾಲ ಬಾಕಿ ಎಂದೇ ಉಳಿದಿರಬಹುದು. ಬ್ಯೂರೋಗೆ ದಾಖಲೆ ಸಹಿತ ಲಿಖಿತ ಆಕ್ಷೇಪ ಸಲ್ಲಿಸಿ.

ಇಬ್ಬರಲ್ಲಿ ಒಬ್ಬರ ವರದಿ ಖಾಲಿಯೇ ಇದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎಲ್ಲ ಸಾಲವೂ ಸಂಗಾತಿಯ ಹೆಸರಿನಲ್ಲಿದ್ದು, ವರ್ಷಗಟ್ಟಲೆ ಮನೆಯ ಹಣಕಾಸು ನಿಭಾಯಿಸಿದವರು ಸಂಗಾತಿ ತೀರಿಕೊಂಡಾಗಲೋ ವಿಚ್ಛೇದನವಾದಾಗಲೋ ಸಾಲ ಕೇಳಲು ಹೋದರೆ, ಬ್ಯಾಂಕಿನ ಕಣ್ಣಿಗೆ ಅವರು ಅಪರಿಚಿತರು. ಸಣ್ಣ ಮಿತಿಯದ್ದಾದರೂ ಸರಿ, ಅವರದೇ ಹೆಸರಿನಲ್ಲಿ ಒಂದು ಕಾರ್ಡ್ ಈಗಲೇ ಇರಲಿ. ಸಂಗಾತಿಯ ಕಾರ್ಡಿನ ಮೇಲೆ ಪಡೆದ ಹೆಚ್ಚುವರಿ ಕಾರ್ಡ್ ಎಲ್ಲ ಕಡೆಯೂ ಬಳಸುವವರ ಕಡತಕ್ಕೆ ಸೇರುವುದಿಲ್ಲ; ಕಾರ್ಡ್ ನೀಡುವವರನ್ನೇ ಕೇಳಿ ಖಚಿತಪಡಿಸಿಕೊಳ್ಳಿ.

ಜಂಟಿಯಾಗಿ ದೊಡ್ಡ ಸಾಲಕ್ಕೆ ಅರ್ಜಿ ಹಾಕುವ ಯೋಚನೆಯಿದ್ದರೆ ಕೆಲವು ತಿಂಗಳು ಮೊದಲೇ ಈ ಪರಿಶೀಲನೆ ಮುಗಿಸಿ. ಕೆಲವು ಸಾಲದಾತರು ಇಬ್ಬರಲ್ಲಿ ಕಡಿಮೆ ಇರುವ ಸ್ಕೋರನ್ನೇ ಆಧಾರವಾಗಿಟ್ಟುಕೊಂಡು ಬಡ್ಡಿ ದರ ನಿಗದಿ ಮಾಡುತ್ತಾರೆ.